ಅಮ್ಮ ತೀರಿಸಿದ ಮಾತ್ರೆಗಳು

6 ಆಗಸ್ಟ್ 1947, ಮದ್ದೂರು

ಇವತ್ತೂ ಅದೇ ಜಗಳ. ಅಮ್ಮ ಬೆಳಗಿನ ಮಾತ್ರೆ ನುಂಗಲಿಲ್ಲ. ರಂಜಾನ್ ರೋಜಾ ಮುರಿಯುತ್ತದಂತೆ. ಎದೆಯಲ್ಲಿ ಕ್ಯಾನ್ಸರ್, ಎಡಗಾಲಲ್ಲಿ ರಕ್ತ ಹೆಪ್ಪುಗಟ್ಟಿ ಊತ... ಇವಳಿಗೆ ಉಪವಾಸ ಬೇರೆ! ಕಾಯಿಲೆಯವರಿಗೆ ಮಾಫಿ ಇದೆ ಅಂತ ಮೌಲ್ವಿ ಸಾಹೇಬರೇ ಹೇಳಿದರು. ಕೇಳಬೇಕಲ್ಲ.

“ಸಂಜೇದು ನುಂಗ್ತೀನಿ, ಬುಡ್ಲಾ” ಅಂದಳು.

ರಕ್ತ ತೆಳುವಾಗಿಸುವ ಮಾತ್ರೆ. ಮಂಡ್ಯದ ಡಾಕ್ಟರು ಬೊಂಬಾಯಿಂದ ತರಿಸಿದ್ದು. ಹೆಪ್ಪು ಮೇಲಕ್ಕೆ ಹೋದರೆ ನಿಂತ ನಿಲುವಿನಲ್ಲೇ ಜೀವ ಹೋಗುತ್ತದಂತೆ. ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದರೂ ಅದೇ ಯೋಚನೆ.

25 ಆಗಸ್ಟ್

ಹಬ್ಬ ಕಳೆದು ವಾರವಾಯಿತು. ಬರೆಯುವ ಮನಸ್ಸೇ ಇರಲಿಲ್ಲ. ಮಲಗಿದರೆ ಅಮ್ಮನಿಗೆ ಉಸಿರು ಸಿಗುತ್ತಿಲ್ಲ. ಗೋಡೆಗೆ ಒರಗಿ ಕೂತೇ ನಿದ್ದೆ. ರೈಲಿನಲ್ಲಿ ಮಂಡ್ಯಕ್ಕೆ ಕರೆದುಕೊಂಡು ಹೋದೆ. ಹನಕೆರೆ ದಾಟುವಷ್ಟರಲ್ಲಿ ತುಟಿ ನೀಲಿ.

ಶ್ವಾಸಕೋಶದ ಸುತ್ತ ನೀರು. ಶುಕ್ರವಾರ ಸೂಜಿ ಹಾಕಿ ತೆಗೆಯುತ್ತಾರಂತೆ.

“ಅಲ್ಲೀವರೆಗೆ ಆ ಮಾತ್ರೆ ಮುಟ್ಟಕೂಡದು, ಫಕ್ರುದ್ದೀನ್. ರಕ್ತ ತೆಳುವಾಗಿದ್ದಾಗ ಚುಚ್ಚಿದರೆ ಒಳಗೇ ಸುರಿಯುತ್ತೆ, ನಿಲ್ಲೋದಿಲ್ಲ” ಅಂದರು ಡಾಕ್ಟರು.

ಇನ್ನು ಮಾತ್ರೆ ಬೇಡ ಅಂತ ಅಮ್ಮನಿಗೆ ಹೇಳಿದೆ. ತಲೆಯಾಡಿಸಿದಳು.

29 ಆಗಸ್ಟ್, ಆಸ್ಪತ್ರೆ ಜಗುಲಿ

ಸೂಜಿ ಹಾಕಲಿಲ್ಲ. ನನ್ನ ಹೆಂಡತಿ ಆಮಿನಾ ಅಮ್ಮನ ರವಿಕೆ ಬಿಚ್ಚುವಾಗ ಕೂಗಿಕೊಂಡಳು. ತೋಳೆಲ್ಲ ಚರ್ಮದೊಳಗೇ ರಕ್ತ ಸೋರಿ ಕಪ್ಪುಗಟ್ಟಿದೆ. ಮಾತ್ರೆ ನುಂಗಿದೆಯಾ ಅಂತ ಕೇಳಿದೆ.

“ಈಗಿಂದು ಬ್ಯಾಡ ಅಂತ ನೀ ಅಂದೆ, ಬುಟ್ಟೆ. ರಂಜಾನ್‌ನಾಗೆ ತಪ್ಪಿದ್ವಲ್ಲ, ಅವನ್ನ ತೀರಿಸ್ದೆ ಕಣ್ಲಾ. ತಪ್ಪಿದ್ ರೋಜಾನ ಅಬ್ಬ ಆದ್ಮೇಲೆ ಇಡಾಕಿಲ್ವಾ? ಅಂಗೇಯ. ನಿನ್ನೆಗೆ ಎಲ್ಲಾ ಮುಗೀತು.”

ಮುಖದಲ್ಲಿ ಎಂಥ ನೆಮ್ಮದಿ! ರಕ್ತ ಸರಿಹೋಗುವವರೆಗೆ ಕಾಯಬೇಕು ಅಂತಾರೆ ಡಾಕ್ಟರು. ಎದೆಯ ನೀರು ಕಾಯುತ್ತದೆಯೆ? ಹೆದರಿಕೆಯಾಗುತ್ತಿದೆ.

30 ಆಗಸ್ಟ್, ಬೆಳಿಗ್ಗೆ

ಮಾತೂ ಆಡಲಾರಳು. ಒಂದೊಂದು ಉಸಿರಿಗೂ ಕುತ್ತಿಗೆಯ ನರ ಎದ್ದು ನಿಲ್ಲುತ್ತದೆ.

“ಸೂಜಿ ಹಾಕದಿದ್ದರೆ ಸಂಜೆ ಕಾಣೋದಿಲ್ಲ. ಹಾಕಿದರೆ... ಹೇಳಲಾರೆ. ಏನು ಮಾಡಲಿ?” ಅಂದರು ಡಾಕ್ಟರು.

ಹಾಕಿ ಅಂದೆ. ನಾನೇ ಅಂದೆ.

ಮೊದಲು ಬಂದದ್ದು ಹಳದಿ ನೀರು. ಅಮ್ಮ ಎದೆ ತುಂಬ ಉಸಿರೆಳೆದಳು. “ಅಗುರಾಯ್ತು ಕಣ್ಲಾ” ಅಂದಳು. ಆಮೇಲೆ ಸೀಸೆಯಲ್ಲಿ ಕೆಂಪು. ನನ್ನನ್ನು ಹೊರಗೆ ಕಳಿಸಿದರು. ಕೂರಲಾಗದೆ ನಿಂತೇ ಬರೆಯುತ್ತಿದ್ದೇನೆ. ಒಳಗೆ ಆಮಿನಾ ಕಲ್ಮಾ ಹೇಳುತ್ತಿದ್ದಾಳೆ. ಜೋರಾಗಿ, ಅಮ್ಮನ ಕಿವಿಗೆ ಕೇಳಿಸುವ ಹಾಗೆ. ಸಾಯುವವರ ಕಿವಿಗೆ ಹೇಳುವ ಕಲ್ಮಾ ಈಗ ಯಾಕೆ? ಹಗುರಾಯಿತು ಅಂದಳಲ್ಲ, ಈಗ ಯಾಕೆ—