ಸೋಸುವ ಬಟ್ಟೆ

ಜೂನ್ 9, ಬೆಳಿಗ್ಗೆ 7

ಟ್ರ್ಯಾಕ್ಟರ್ ಇವತ್ತೂ ನಿಂತಿತು. ಸ್ಟಾರ್ಟ್ ಆಗುತ್ತದೆ, ಕಾಲು ಗಂಟೆ ಚೆನ್ನಾಗಿ ಓಡುತ್ತದೆ, ಆಮೇಲೆ ಉಬ್ಬಸ ಬಂದವರ ಹಾಗೆ ಎಳೆದು ಎಳೆದು ಸುಮ್ಮನಾಗುತ್ತದೆ. ಹತ್ತು ನಿಮಿಷ ಬಿಟ್ಟರೆ ಏನೂ ಆಗದವರ ಹಾಗೆ ಮತ್ತೆ ಸ್ಟಾರ್ಟ್. ಮೂರು ದಿನದಿಂದ ಇದೇ ನಾಟಕ. ಡೀಸೆಲ್ ಸರಿಯಾಗಿ ಬರುತ್ತಿಲ್ಲ — ಅಷ್ಟು ಗೊತ್ತು. ಎಲ್ಲಿ ಕಟ್ಟಿಕೊಂಡಿದೆ, ಗೊತ್ತಿಲ್ಲ.

ಫಿಲ್ಟರ್ ಬದಲಾಯಿಸಿದೆ. ಕೆಳಗಿನ ಗಾಜಿನ ಬಟ್ಟಲು ತೊಳೆದೆ. ಒಂದು ಹನಿ ನೀರು, ಚಿಟಿಕೆ ಕೆಸರು, ಅಷ್ಟೇ. ಏರ್ ಬಿಡಿಸಿದೆ — ಸ್ಕ್ರೂ ಸಡಿಲಿಸಿ, ಪಂಪ್ ಒತ್ತಿ ಒತ್ತಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ. ಹೆಬ್ಬೆರಳು ಊದಿದೆ.

ಅದೇ ದಿನ, ಮಧ್ಯಾಹ್ನ

ಗುಬ್ಬಿ ಅರ್ಧ ಉತ್ತ ಹೊಲದಿಂದ ನಡೆದುಕೊಂಡು ಬಂದಳು. ತಮ್ಮನ ಮಗಳು. ಎರಡು ವರ್ಷದಿಂದ ಗಾಡಿ ಓಡಿಸುವವಳು ಅವಳೇ, ಕಲಿಸಿದ್ದು ನಾನೇ. ಮತ್ತೆ ನಿಂತಿದೆ ಎಂದಳು. ನನಗೆ ಪಿತ್ತ ನೆತ್ತಿಗೇರಿತು. ನಮ್ಮೂರ ವೆಲ್ಡರನ ಶೆಡ್ಡಿನ ಮುಂದೆ, ಅವನು ನೋಡುತ್ತಿರುವಾಗಲೇ —

“ಸೋಸದೆ ಸುರಿದಿದ್ದೀಯ. ಕೊಳಕು ಡೀಸೆಲ್.”

“ಇಲ್ಲ ದೊಡ್ಡಪ್ಪ. ಆಲಿಕೇಲಿ ಜಾಲರಿ ಇದ್ಯಲ್ಲ. ಕೊನೇ ಸಲ ತುಂಬಿಸಿದ್ದು ನೀವಲ್ವಾ?”

“ನಾನು ಬಟ್ಟೇಲಿ ಸೋಸೋನು. ಮೂವತ್ತು ವರ್ಷದಿಂದ. ನಂಗೇ ಪಾಠ ಹೇಳ್ತೀಯಾ?”

ವೆಲ್ಡರ್ ನಕ್ಕ. “ಹುಡುಗೀರ ಕೈಗೆ ಸ್ಟಿಯರಿಂಗ್ ಕೊಟ್ರೆ ಇನ್ನೇನಾಗತ್ತೆ ಯಜಮಾನ್ರೇ.”

ಅವನ ಬಾಯಿ ಮುಚ್ಚಿಸಬೇಕಿತ್ತು. ಬದಲಿಗೆ ಕೈ ಚಾಚಿದೆ. “ಕೀ ಕೊಡು.”

ಕೊಟ್ಟಳು. ಕೀಗೆ ಅವಳೇ ಹೆಣೆದು ಕಟ್ಟಿದ ಕೆಂಪು ದಾರ. ಅದು ಇನ್ನೂ ಬೆಚ್ಚಗಿತ್ತು.

ಜೂನ್ 11, ಮಧ್ಯಾಹ್ನ 3

ಸಿಕ್ಕಿತು. ಸಿಗದಿದ್ದರೆ ಚೆನ್ನಾಗಿತ್ತು.

ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಟಾರ್ಚ್ ಬಿಟ್ಟು ನೋಡಿದೆ. ತಳದಲ್ಲಿ ಕಪ್ಪಗೆ ಏನೋ. ತಂತಿ ಬಗ್ಗಿಸಿ ಎಳೆದೆ. ಬಂತು... ಹೆಂಡತಿಯ ಹಳೆ ಸೀರೆಯ ತುಂಡು. ಹಸಿರು, ಅಂಚಿಗೆ ಹಳದಿ ಗೆರೆ. ನನ್ನ ಸೋಸುವ ಬಟ್ಟೆ.

ಇಂಜಿನ್ ಎಳೆದಾಗ ಬಟ್ಟೆ ಬಂದು ತಳದ ತೂತಿಗೆ ಅಂಟುತ್ತಿತ್ತು. ನಿಂತಾಗ ಬಿಡುತ್ತಿತ್ತು. ಕಾಲು ಗಂಟೆ, ಹತ್ತು ನಿಮಿಷ — ಎಲ್ಲಾ ಲೆಕ್ಕ ಸರಿಹೋಯಿತು.

ನೆನಪೂ ಆಯಿತು. ಹೋದ ವಾರ ತುಂಬಿಸುವಾಗ ಅಕ್ಕನ ಫೋನು. ಕಿವಿಯಲ್ಲಿ ಫೋನು, ಕೈಯಲ್ಲಿ ಕ್ಯಾನು. ಆಲಿಕೆ ಹುಡುಕುವ ತಾಳ್ಮೆ ಇಲ್ಲದೆ ಬಟ್ಟೆಯನ್ನು ನೇರ ಟ್ಯಾಂಕಿನ ಬಾಯಿಗೆ ಹೊದಿಸಿ ಸುರಿದೆ. ಆಮೇಲೆ ಬಟ್ಟೆ ಕಾಣಲಿಲ್ಲ. “ಎಲ್ಲಿಟ್ಟೆ?” ಎಂದು ಹೆಂಡತಿಯ ಮೇಲೆ ರೇಗಿದೆ. ಪಾಪ, ಇನ್ನೊಂದು ತುಂಡು ಹರಿದು ಕೊಟ್ಟಳು.

ಸುತ್ತ ಯಾರೂ ಇರಲಿಲ್ಲ. ಹಿಂಡಿದೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸ್ಪ್ಯಾನರ್ ಪೆಟ್ಟಿಗೆಯ ತಳಕ್ಕೆ ತುರುಕಿದೆ. ಟ್ಯಾಂಕ್ ತೊಳೆದು, ಹೊಸ ಡೀಸೆಲ್ ಹಾಕಿ, ಏರ್ ಬಿಡಿಸಿದ ಮೇಲೆ ಒಂದು ಗಂಟೆ ಬಿಡದೆ ಓಡಿತು.

ವೆಲ್ಡರ್ ಕೇಳಿದ, “ಏನಾಗಿತ್ತು?”

“ಕಸ,” ಎಂದೆ. ಸುಳ್ಳೇನಲ್ಲ.

ಸುಳ್ಳೇ.

ಜೂನ್ 12

ಅಕ್ಕನಿಗೆ ಕಾಗದ ಬರೆಯಲು ಕೂತೆ. ‘ಗಾಡಿ ಸರಿಮಾಡಿದೆ’ ಎಂಬಲ್ಲಿಗೆ ಪೆನ್ನು ನಿಂತಿತು. ಹರಿದು ಹಾಕಿದೆ. ತಮ್ಮ ದಾರಿಯಲ್ಲಿ ಸಿಕ್ಕು “ಅಣ್ಣಾ” ಎಂದ. ಅಷ್ಟಕ್ಕೇ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡೆ.

ಜೂನ್ 16, ಸಂಜೆ 5

ಮೂರು ದಿನ ಈ ಪುಸ್ತಕ ತೆರೆಯಲಿಲ್ಲ. ನಾನೇ ಉತ್ತೆ. ಸಾಲುಗಳು ಹಾವು ಹರಿದ ಹಾಗಿವೆ. ಬಿತ್ತನೆ ಹಿಂದೆ ಬಿದ್ದಿದೆ.

ಗುಬ್ಬಿ ಬಂದಳು. ಕೂರಲಿಲ್ಲ.

“ದೊಡ್ಡಪ್ಪ, ತುಂಬಾ ಯೋಚ್ನೆ ಮಾಡ್ದೆ. ಒಂದ್ಸಲ ಜಾಲರಿ ತೆಗೆದು ತೊಳೆದಿದ್ದೆ. ವಾಪಸ್ ಹಾಕೋಕೆ ಮರ್ತಿದ್ನೇನೋ. ನಂದೇ ತಪ್ಪಿರ್ಬೇಕು. ಇನ್ಮೇಲೆ ನಾನು ಓಡ್ಸಲ್ಲ.”

ಆಗಲೇ ಹೇಳಬಹುದಿತ್ತು. ಪೆಟ್ಟಿಗೆ ಕಾಲ ಬುಡದಲ್ಲೇ ಇತ್ತು.

“ಹೋಗ್ಲಿ ಬಿಡು ಮಗಳೇ,” ಎಂದೆ.

ಕ್ಷಮಿಸಿಬಿಟ್ಟೆ! ನಾನು, ಅವಳನ್ನು!

ಜೂನ್ 17, ಬೆಳಿಗ್ಗೆ 8

ನಲ್ಲಿ ಬಿಗಿ ಮಾಡಲು ಹೆಂಡತಿ ಸ್ಪ್ಯಾನರ್ ಹುಡುಕಿದ್ದಾಳೆ. ಬಟ್ಟೆ ಹಿಡಿದು ಬಂದಳು.

“ರೀ, ಇದು ಕಳೆದುಹೋದದ್ದಲ್ವಾ? ಎಲ್ಲಿತ್ತು?”

ಮೂಸಿ ನೋಡಿದಳು. ನನ್ನ ಮುಖ ನೋಡಿದಳು. ಮತ್ತೇನೂ ಕೇಳದೆ ಸೋಪು ಹಾಕಿ ಒಗೆದು ಬಾಗಿಲೆದುರಿನ ಹಗ್ಗಕ್ಕೇ ಹರವಿದಳು. ಎಷ್ಟು ಉಜ್ಜಿದರೂ ಡೀಸೆಲ್ ವಾಸನೆ ಹೋಗಿಲ್ಲ.

“ನಂಗೆ ಬೈದದ್ದು ಬಿಡಿ, ನಂಗೆ ಅಭ್ಯಾಸ ಇದೆ. ಆ ಹುಡುಗೀಗೂ ಅಭ್ಯಾಸ ಮಾಡಿಸ್ಬೇಡಿ.”

ಅದೇ ದಿನ, 10 ಗಂಟೆ

ಗುಬ್ಬಿಗೆ ಶೆಡ್ಡಿನ ಹತ್ತಿರ ಬಾ ಎಂದು ಹೇಳಿಕಳಿಸಿದ್ದೇನೆ. ಬೈದದ್ದು ವೆಲ್ಡರ್ ಎದುರಿಗೆ. ಹೇಳುವುದೂ ಅವನ ಎದುರಿಗೇ. ಟ್ರ್ಯಾಕ್ಟರ್ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಜೇಬಿನಲ್ಲಿ ಕೆಂಪು ದಾರದ ಕೀ. ತೊಡೆಯ ಮೇಲೆ ಬಟ್ಟೆ, ಇನ್ನೂ ಒದ್ದೆ. ಅವಳು ಕೀ ತೆಗೆದುಕೊಳ್ಳದಿದ್ದರೆ? ತೆಗೆದುಕೊಳ್ಳಬೇಕೆಂದೇನೂ ಇಲ್ಲ.

ವೆಲ್ಡರ್ ಕೇಳುತ್ತಿದ್ದಾನೆ, “ಅದೇನ್ ಯಜಮಾನ್ರೇ, ಹಸಿರು ಬಟ್ಟೆ?” ತಾಳಪ್ಪ, ಅವಳು ಬರಲಿ.

ತಿರುವಿನಲ್ಲಿ ಬರುತ್ತಿದ್ದಾಳೆ. ಮೊದಲ ಮಾತು ಬರೆದಿಟ್ಟುಕೊಂಡರೆ ನಾಲಗೆ ತಪ್ಪಿಸಿಕೊಳ್ಳಲಾರದು —

ಮಗಳೇ, ಇದು ನನ್ನ