ವಾಷಿಂಗ್ ಮಷಿನ್ನಿನ ಹಾಡು

ಶನಿವಾರ, ತಿಂಡಿಯಾದ ಮೇಲೆ

ನನ್ನ ಮುದ್ದು ಅಕ್ಕಾ,

ಮದುವೆಯಾದ ಮೇಲೆ ಒಂದು ಸಾಲೂ ಬರೆದಿಲ್ಲವೆಂದು ಮುನಿಸಿಕೊಂಡಿದ್ದೀಯಂತೆ. ಸಾರಿ, ಸಾರಿ, ಸಾವಿರ ಸಾರಿ! ಸುಖ ಹೆಚ್ಚಾಗಿ ಕೈಗೆ ಸೋಮಾರಿತನ ಬಂದಿದೆ ಕಣೇ. ಇವನು ಅಪ್ಪಟ ಬಂಗಾರ. ನಾನು ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರೆ ಸದ್ದಿಲ್ಲದೆ ಕಾಫಿ ತಂದಿಟ್ಟು, ನೆತ್ತಿಗೊಂದು ಮುತ್ತು ಕೊಟ್ಟು ಹೋಗುತ್ತಾನೆ. ಡಾನ್ಸ್ ಹಾಡುಗಳನ್ನು ನಾನು ಕಟ್ಟುವುದು, ಇವನು ಕ್ಲಬ್ಬಿನಲ್ಲಿ ಹಾಕಿ ಜನರನ್ನು ಕುಣಿಸುವುದು. ಹೇಳಿ ಮಾಡಿಸಿದ ಜೋಡಿ!

ಆದರೆ ನಿನ್ನೆಯಿಂದ ಗಂಟಲಲ್ಲಿ ಏನೋ ಅಂಟಿಕೊಂಡಿದೆ. ಉಗಿಯೋಣವೆಂದರೆ ಬರುತ್ತಿಲ್ಲ.

ಹಾಡು ಬಿಡುಗಡೆ ಮಾಡುವ ಕಂಪನಿಯವನು ನಮ್ಮ ಹೊಸ ಹಾಡು ಕೇಳಲು ಮಧ್ಯಾಹ್ನ ಕ್ಲಬ್ಬಿಗೆ ಬಂದಿದ್ದ. ಹಗಲಲ್ಲಿ ಆ ಜಾಗ ನೋಡಬಾರದು: ಚಪ್ಪಲಿಗಂಟುವ ನೆಲ, ಹಳಸಿದ ಬಿಯರ್ ವಾಸನೆ. ನಾನು ಕೇಬಲ್ ಚುಚ್ಚುತ್ತಿದ್ದೆ. ಸೌಂಡಿನವನು ಬಂದು, ‘ಬಿಡಿ ಮೇಡಂ, ಶಾಕ್ ಹೊಡೆಯುತ್ತೆ, ಆರಾಮಾಗಿ ಸೋಫಾ ಮೇಲೆ ಕೂತ್ಕೊಳ್ಳಿ’ ಎಂದು ಕೈಯಿಂದ ಕಿತ್ತುಕೊಂಡ. ಕೂತೆ. ಸೋಫಾ ಕೂಡ ಅಂಟುತ್ತಿತ್ತು.

ಹಾಡು ಮುಗಿದದ್ದೇ ಕಂಪನಿಯವನು ಇವನನ್ನು ತಬ್ಬಿಕೊಂಡು, ಎದೆ ಗುದ್ದುವ ಆ ತಗ್ಗು ದನಿಯ ಬೇಸ್ ಎಲ್ಲಿಂದ ತಂದೆ ಗುರುವೇ ಎಂದ. ಇವನು ನನ್ನ ಕಡೆ ನೋಡಿದ. ಈಗ ಹೇಳುತ್ತಾನೆಂದು ನಾನು ನಾಚಿಕೆಯ ನಗು ತಯಾರು ಮಾಡಿಕೊಂಡು ಅರ್ಧ ಎದ್ದೇ ಬಿಟ್ಟಿದ್ದೆ! ವಾಷಿಂಗ್ ಮಷಿನ್ ತಿರುಗುವ ಸದ್ದನ್ನು ತಾನು ರೆಕಾರ್ಡ್ ಮಾಡಿ ನಿಧಾನಗೊಳಿಸಿದೆ ಎಂದ ಇವನು. ಮೈಕ್ ಹಿಡಿದು ಆ ಮಷಿನ್ನಿನ ಮುಂದೆ ಮಂಡಿಯೂರಿದ್ದವಳು ನಾನು. ಆಗ ಇವನು ಗೊರಕೆ ಹೊಡೆಯುತ್ತಿದ್ದ.

‘ಹಾಗಾದ್ರೆ ಮೇಡಂಗೂ ಒಂದು ಥ್ಯಾಂಕ್ಸ್ ಹೇಳ್ಬೇಕು, ಬಟ್ಟೆ ಹಾಕಿದ್ದು ಅವರೇ ತಾನೇ!’ ಎಂದು ಕಂಪನಿಯವನು ಬಿದ್ದು ಬಿದ್ದು ನಕ್ಕ.

ಥೂ.

ಆಮೇಲೆ ಬೇಸ್ ಒಂದನ್ನೇ ಕೇಳಿಸು ಎಂದ. ನನ್ನ ಲ್ಯಾಪ್‌ಟಾಪ್ ಮುಂದೆ ಇವನು ಕಕ್ಕಾಬಿಕ್ಕಿ. ಒಂದು ಕೀ ಒತ್ತಿದರೆ ಡ್ರಮ್ಮು ನಿಂತಿತು, ಇನ್ನೊಂದು ಒತ್ತಿದರೆ ಎಲ್ಲವೂ ನಿಂತಿತು. ನೋಡಲಾರದೆ ನಾನೇ ಹೋಗಿ ಕೇಳಿಸಿದೆ. ‘ಪರವಾಗಿಲ್ವೇ, ಹೆಂಡ್ತಿಗೂ ಕಲಿಸಿಬಿಟ್ಟಿದ್ದೀಯಲ್ಲೋ!’ ಎಂದ ಅವನು. ನನ್ನ ಬಂಗಾರ ಏನೆಂದ ಗೊತ್ತಾ? ‘ಏನೋ, ಸ್ವಲ್ಪ ಸ್ವಲ್ಪ.’

ಆ ನಗು ನೋಡಬೇಕಿತ್ತು ಅಕ್ಕಾ. ಪಕ್ಕದ ಮನೆಯ ಮಗುವನ್ನು ತನ್ನದೆಂದು ಎತ್ತಿಕೊಂಡು ಫೋಟೋಗೆ ನಿಂತವನ ನಗು. ದಾರಿಯಲ್ಲಿ ನನ್ನ ಕೈ ಹಿಡಿದು, ‘ಹುಡುಗಿ ಮಾಡಿದ್ದು ಅಂದ್ರೆ ಅವ್ರು ಕೇಳೋದೇ ಇಲ್ಲ ಕಣೇ. ನಮ್ಮಲ್ಲಿ ನಿಂದು ನಂದು ಅಂತ ಏನಿದೆ?’ ಎಂದ. ಮನೆಗೆ ಬಂದು ಆ ಕೈಗೆ ಸೋಪು ಹಾಕಿ ತೊಳೆದೆ. ಮತ್ತೆ ತೊಳೆದೆ. ಹೊಸ ಗಂಡನ ಮೇಲೆ ಇಷ್ಟು ಹೇಸಿಗೆ ಆಗಬಾರದು, ಅಲ್ಲವಾ?

ಹಾಡಿನ ಮೇಲೆ ಇವನ ಹೆಸರು ಮಾತ್ರ ಇರುತ್ತದಂತೆ. ಇವತ್ತು ಸಂಜೆ ಕರಾರಿಗೆ ಸಹಿ.

ಉಳಿದಂತೆ ನಾನು ತುಂಬಾ, ತುಂಬಾ ಚೆನ್ನಾಗಿದ್ದೇನೆ. ಭಾವನಿಗೆ ನಮಸ್ಕಾರ, ಪಾಪುವಿಗೆ ಮುತ್ತು.

ನಿನ್ನ ಸುಖವಾಗಿರುವ ತಂಗಿ,
ಪುಟ್ಟಿ

ತಾ.ಕ.: ಬೆಳಿಗ್ಗೆ ಕಂಪನಿಯವನಿಗೆ ಫೋನ್ ಮಾಡಿ ಹಾಡು ನನ್ನದು ಎಂದೆ. ‘ಮನೆ ಜಗಳ ಮನೇಲೇ ಮುಗಿಸ್ಕೊಳ್ಳಿ ಮೇಡಂ, ಯಜಮಾನ್ರಿಗೆ ಫೋನ್ ಕೊಡಿ’ ಎಂದ. ಕೊಡಲಿಲ್ಲ. ಹಾಡನ್ನೂ ಕೊಡುವುದಿಲ್ಲ ಎಂದು ಫೋನ್ ಇಟ್ಟುಬಿಟ್ಟೆ. ಇವನಿಗೆ ಇನ್ನೂ ಗೊತ್ತಿಲ್ಲ. ಶಿಳ್ಳೆ ಹಾಕುತ್ತಾ ಸಂಜೆಗೆ ಹೊಸ ಅಂಗಿ ಇಸ್ತ್ರಿ ಮಾಡಿಕೊಳ್ಳುತ್ತಿದ್ದಾನೆ.