ಬಿಡು ಎಂದರೋ, ಇಡು ಎಂದರೋ

ಜನವರಿ ೧೨, ಬೆಳಿಗ್ಗೆ ೬.೩೦

ವಾಕಿಂಗ್ ತಪ್ಪಿತು. ಶಿರಸಿಯಿಂದ ಚನ್ನಯ್ಯನವರ ಫೋನು. ಅದು ಮುಗಿಯುವುದರೊಳಗೆ ಯಲ್ಲಾಪುರದಿಂದ ಪರಮೇಶ್ವರಪ್ಪನವರದು. ಇಬ್ಬರೂ ಒಂದೇ ಗುರುವಿನ ಶಿಷ್ಯರು, ಒಂಬತ್ತು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡಿಲ್ಲ. ಆ ಗುರು, ಮನ್ಮನೆಯ ಅಜ್ಜ, ಸಾಯುವಾಗ ಆಡಿದ ಕೊನೆಯ ಮಾತನ್ನು ಬಾಗಿಲಾಚೆ ನಿಂತು ಕೇಳಿದವರು. ‘ಬಿಡು’ ಎಂದರು ಅಂತ ಶಿರಸಿಯವರು ಧ್ಯಾನಕ್ಕೆ ದೀಪ ಹಚ್ಚುವುದನ್ನೇ ಬಿಟ್ಟರು. ‘ಇಡು’ ಎಂದರು ಅಂತ ಯಲ್ಲಾಪುರದವರು ದೀಪ ಇಟ್ಟೇ ಕೂರುತ್ತಾರೆ. ಯಾವುದು ಸರಿ ಅಂತ ನೀವೇ ಇತ್ಯರ್ಥ ಮಾಡಿ ಎಂದರು ಇಬ್ಬರೂ. ಇಬ್ಬರ ನಡುವೆ, ಸಿದ್ದಾಪುರದಲ್ಲಿರುವ ನಾನು, ರಿಟೈರ್ಡ್ ಕನ್ನಡ ಮೇಷ್ಟ್ರು. ಒಂದಕ್ಷರ ತಿದ್ದುವುದಕ್ಕೆ ನನಗಿಂತ ಬೇರೆಯವರು ಬೇಕೆ?

ಫೆಬ್ರವರಿ ೩

ಮನ್ಮನೆಗೆ ಹೋಗಿ ಬಂದೆ. ಆವತ್ತು ಅಜ್ಜನ ಹಾಸಿಗೆ ಪಕ್ಕ ಇದ್ದವಳು ಮನೆಗೆಲಸದ ಹೊನ್ನಿ ಒಬ್ಬಳೇ. ಅಜ್ಜ ಕೊಟ್ಟ ಹಿಂದಿನ ಕೋಣೆಯಲ್ಲಿ ಈಗಲೂ ಇದ್ದಾಳೆ. ಬೇರೆ ನೆಲೆ ಇಲ್ಲ. ಇಷ್ಟು ವರ್ಷ ಅವಳನ್ನು ಯಾರೂ ಕೇಳಿಯೇ ಇಲ್ಲ...

“ಎಂತ ಹೇಳೂದು ಮಾಸ್ತರೇ. ಕಾಲು ತಿಕ್ತಾ ಇದ್ದೆ. ನೋವಾತು ಕಾಣ್ತದೆ. ಬಿಡು ಹೊನ್ನಿ ಅಂದ್ರು. ಅಷ್ಟೇಯ.”

ನಗು ತಡೆಯಲಾಗಲಿಲ್ಲ. ಎರಡೂ ಕಡೆಯವರ ಸಭೆ ಕರೆಯುತ್ತೇನೆ, ಅಲ್ಲಿ ಇದನ್ನೇ ಹೇಳು ಎಂದೆ.

“ಹೇಳಿರೆ ನನ್ನ ಹೊರಗೆ ಹಾಕೂದಿಲ್ಲ ಹೌದ?”

ನಾನಿದ್ದೇನೆ ಎಂದೆ.

ಮಾರ್ಚ್ ೯, ಭಾನುವಾರ

ಸಭೆ. ಮನ್ಮನೆಯಲ್ಲೇ ಸೇರಿದೆವು. ಹೊನ್ನಿ ಹೇಳಿದಳು. ಯಾರೂ ನಗಲಿಲ್ಲ.

“ಒಂಬತ್ತು ವರ್ಷ ಕತ್ಲಲ್ಲಿ ಕೂತದ್ದು ಕಾಲು ನೋವಿಗನ ಮಾರಾಯ್ರೇ?” ಚನ್ನಯ್ಯನವರ ಮುಖ ಕೆಂಪಾಗಿತ್ತು.

“ಆಕಿಗೆ ಕಿವಿ ಮಂದ ಐತ್ರಿ. ಮ್ಯಾಲೆ ಸುಳ್ಳ ಬ್ಯಾರೆ ಹೇಳಾಕತ್ತಾಳ” ಎಂದರು ಪರಮೇಶ್ವರಪ್ಪ.

ಚನ್ನಯ್ಯ ಹೌದೆಂದು ತಲೆಯಾಡಿಸಿದರು. ಒಂಬತ್ತು ವರ್ಷದಲ್ಲಿ ಇಬ್ಬರೂ ಒಪ್ಪಿದ ಮೊದಲ ಮಾತು. ಟೀ ಬಂತು. ಒಂದೇ ಬೆಂಚಿನಲ್ಲಿ ಕೂತು ಕುಡಿದರು.

ಆಮೇಲೆ ತೀರ್ಮಾನಗಳೆಲ್ಲ ಸಲೀಸು. ಅಜ್ಜ ಕೊನೆಗೆ ಮಾತೇ ಆಡಲಿಲ್ಲ, ಮೌನ. ದೀಪ ಭಾನುವಾರ ಮಾತ್ರ. ಒಡಕಿಗೆ ಕಾರಣ ಹೊನ್ನಿ, ತಿಂಗಳೊಳಗೆ ಕೋಣೆ ಖಾಲಿ ಮಾಡತಕ್ಕದ್ದು. ಎರಡೂ ಕಡೆ ಸೇರಿದ ಸಂಘಕ್ಕೆ ಕಾರ್ಯದರ್ಶಿ ನಾನು — ಸರ್ವಾನುಮತ. ಠರಾವು ಬರೆದೆ. ಅಕ್ಷರ ಚಂದ ಇದೆ ಎಂದರು. ನಾಚಿಕೆಯಾಯಿತು. ಖುಷಿ ಅದಕ್ಕಿಂತ ಹೆಚ್ಚು ಆಯಿತು.

ಹೊನ್ನಿ ಹಿತ್ತಲಲ್ಲಿ ಲೋಟ ತೊಳೆಯುತ್ತಿದ್ದಳು.

ಮಾರ್ಚ್ ೧೬

ಕೂಡಿ ಮಾಡಿದ ಮೊದಲ ಧ್ಯಾನ. ಫೋಟೋದಲ್ಲಿ ನಡುವೆ ನಾನು. ಹೊನ್ನಿಗೆ ನೋಟೀಸು ಪೋಸ್ಟಿಗೆ ಹಾಕಿದೆ. ನಾನೇ ಹೋಗಬಹುದಿತ್ತು. ಬಸ್ಸು ಇದೆ.

ಮಾರ್ಚ್ ೨೧, ಬೆಳಿಗ್ಗೆ ೧೦

ಹೊನ್ನಿ ಬಂದಿದ್ದಾಳೆ. ಓದಲು ಬಾರದು. ಕಾಗದ ಸೆರಗಿಗೆ ಗಂಟು ಹಾಕಿ ತಂದಿದ್ದಳು.

“ಬೇರೆಯೋರ ಹತ್ರ ಓದ್ಸಕ್ಕೆ ಮನಸಾಗ್ಲಿಲ್ಲ. ನೀವಿದ್ರಲ್ಲ.”

ಓದಿದೆ. ಸುಳ್ಳುಗಾರ್ತಿ ಎನ್ನುವ ಸಾಲು ಹಾರಿಸಲೇ ಎಂದುಕೊಂಡೆ. ಹಾರಿಸಲಿಲ್ಲ. ಅವಳು ಅಳಲಿಲ್ಲ. ತಿಂಗಳೊಳಗೆ ಅಂದ್ರೆ ಯಾವತ್ತು ಎಂದು ಮಾತ್ರ ಕೇಳಿದಳು.

“ಇದ್ನ ಬರ್ದೋರು ಯಾರು ಮಾಸ್ತರೇ? ಕೆಳಗೆ ಹೆಸ್ರು ಇರ್ತದಲ್ಲ?”

ಇದೆ ಎಂದೆ. ಕನ್ನಡಕ ಒರೆಸಿಕೊಂಡೆ. ಚನ್ನಯ್ಯ ಎಂದು ಓದಿದೆ.

“ಹಂಗಾರೆ ನನ್ನ ಪರವಾಗಿ ನೀವೇ ಒಂದು ಅರ್ಜಿ ಬರ್ಕೊಡಿ. ನೀವು ಬರ್ದ್ರೆ ಕೇಳ್ತ್ರು.”

ಹೂಂ ಎಂದೆ. ಜಗುಲಿಯಲ್ಲಿ ಕೂತು ಕಾಯುತ್ತಿದ್ದಾಳೆ. ಒಳಗೆ ಬಂದು ಹಾಳೆ ತೆಗೆದೆ. ಅರ್ಜಿ ಏನಿದ್ದರೂ ಕಾರ್ಯದರ್ಶಿಯ ಹೆಸರಿಗೇ ಬರಬೇಕು, ನಿಯಮ ಮಾಡಿದವನೂ ನಾನೇ. ಇಷ್ಟು ಬರೆದಿದ್ದೇನೆ: ಮಾನ್ಯ ಕಾರ್ಯದರ್ಶಿಗಳಿಗೆ, ಮನ್ಮನೆಯ ಹೊನ್ನಿ ಮಾಡಿಕೊಳ್ಳುವ—